ನಾಲ್ಕು ದಿನ ಕಡಿಮೆ

ಮನೆಯಿಂದ,
ಮೂರನೇ ತಾರೀಖು, ಶನಿವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಆ ಪರದೇಶದ ವೃದ್ಧಾಶ್ರಮದಲ್ಲಿ ನೀನು ನೋಡಿಕೊಳ್ಳುವ ಹದಿನಾಲ್ಕು ಜನ ಮುದುಕ ಮುದುಕಿಯರಲ್ಲಿ ಒಬ್ಬರಾದರೂ ತಾವಾಗಿಯೇ ಮಂಚದಿಂದ ಎದ್ದು ಕೂರುವಂತಾದರೆ ನಿನಗೆ ಅಷ್ಟು ಆರಾಮ. ಚಮಚ ಎಸೆಯುವ ಆ ಅಜ್ಜಿ ಈಗಲೂ ಎಸೆಯುತ್ತಾರೋ, ಇಲ್ಲ ನಿನ್ನನ್ನು ಕಂಡು ಸಮಾಧಾನ ಆಗಿದ್ದಾರೋ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಹತ್ತುವಾಗ ಹಳೇ ಬಸ್ಸಿನ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ಕೆಳಗಿನ ಸಾಲಿನ ಹಲ್ಲುಗಳು ಒಂದೊಂದಾಗಿ ಇಳಿದು ಹೋಗುತ್ತಿವೆ. ಅದಕ್ಕೇನೂ ಅವಸರವಿಲ್ಲ, ಮೆತ್ತಗಿರುವುದನ್ನು ತಿಂದುಕೊಂಡು ಕಾಲ ಹಾಕುತ್ತಿದ್ದೇನೆ. ನಿನ್ನ ಮಕ್ಕಳಿಬ್ಬರೂ ಗಟ್ಟಿಯಾಗಿದ್ದಾರೆ. ಚಿಕ್ಕವಳಿಗೆ ಹದಿಮೂರು ತುಂಬಿದ ಮೇಲೆ ನಾಲಿಗೆ ಇನ್ನೂ ಎರಡಿಂಚು ಉದ್ದವಾಗಿದೆ. ದೊಡ್ಡವಳು ನಿನ್ನ ಎತ್ತರಕ್ಕೆ ಬಂದಿದ್ದಾಳೆ, ಬಾಗಿಲಲ್ಲಿ ಬಂದು ನಿಂತರೆ ಒಂದೊಂದು ಸಲ ನೀನೇ ಬಂದೆಯೇನೋ ಅನ್ನಿಸುತ್ತದೆ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಅಲ್ಲಿನ ಕೆಲಸಕ್ಕೆ ಇನ್ನೂ ಎರಡು ವರ್ಷದ ಕರಾರಿಗೆ ಸಹಿ ಹಾಕಲೋ, ಬಿಟ್ಟು ಮನೆಗೆ ಬರಲೋ, ಇಪ್ಪತ್ತನೇ ತಾರೀಖಿನೊಳಗೆ ಹೇಳಬೇಕಂತೆ, ಅಪ್ಪ ನೀನೇ ಹೇಳು ಎಂದು ಬರೆದಿದ್ದೆ. ನೀನು ಸುಲಭವಾಗಿ ಬರೆದುಬಿಟ್ಟೆ, ನಾನು ಒಂದು ತಿಂಗಳು ಒದ್ದಾಡಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಧ್ವನಿ ಕೇಳಿದ ಕೂಡಲೇ ನಾನು ಹೇಳಬೇಕಾದ್ದನ್ನೆಲ್ಲ ಮರೆತು ಇಲ್ಲಿನ ಬಿಸಿಲು ಮೋಡದ ವರದಿ ಒಪ್ಪಿಸುತ್ತೇನೆ. ಈ ಕಾಗದ ಹತ್ತು ದಿನಕ್ಕೆ ಬಂದು ಮುಟ್ಟಿದರೂ ನಿನ್ನ ಕೈಯಲ್ಲಿ ಒಂದು ವಾರ ಉಳಿಯುತ್ತದೆ. ಆದರೆ ಕೊನೆಯ ಹಾಳೆಗೆ ಹಾರಬೇಡ. ಚಿಕ್ಕಂದಿನಿಂದ ನಿನಗೆ ಆ ಚಾಳಿ ಇದೆ.

ಈ ಸಲ ದೊಡ್ಡವಳ ಶಾಲೆಯಲ್ಲಿ ಲೆಕ್ಕದ ಟೀಚರ್ ಒಂದು ಆಟ ಶುರು ಮಾಡಿದರು. ಒಂದು ಡಬ್ಬಿಯಲ್ಲಿ ನಲವತ್ತು ಚೀಟಿ. ಒಂದೊಂದರಲ್ಲೂ ಒಂದು ಕೆಲಸ, ಒಂದು ಸಂಬಳ, ಒಂದು ಸಂಸಾರ. ಯಾರಿಗೆ ಯಾವ ಚೀಟಿ ಬರುತ್ತದೋ ಅವರು ತಿಂಗಳಿಡೀ ಆ ಬದುಕನ್ನು ಕಾಗದದ ನೋಟಿನಲ್ಲಿ ನಡೆಸಬೇಕು: ಬಾಡಿಗೆ, ಕರೆಂಟು, ಅಕ್ಕಿ, ಬೇಳೆ ಎಲ್ಲ. ಇವಳ ಗೆಳತಿಗೆ ಮೂರು ಮಕ್ಕಳ ಕಾವಲುಗಾರನ ಚೀಟಿ ಬಂದು ಅವಳು ಎರಡನೇ ವಾರವೇ ಗಡಿಯಾರ ಮಾರುವ ಸ್ಥಿತಿಗೆ ಬಂದಳಂತೆ. ನಮ್ಮವಳಿಗೆ ಬಂದದ್ದು ಹಲ್ಲಿನ ಡಾಕ್ಟರು, ಮದುವೆಯಿಲ್ಲ, ಮನೆಯಲ್ಲಿ ಒಬ್ಬಳೇ. ಮೊದಲ ದಿನವೇ ಕಾರು ತೆಗೆದುಕೊಂಡಳು, ಮಾರನೇ ದಿನ ಪಿಯಾನೋ. ನನಗೊಂದು ಪುಕ್ಕಟೆ ಹಲ್ಲಿನ ಸೆಟ್ಟು ಹಾಕಿಕೊಡಮ್ಮ ಎಂದೆ, ನಗಲಿಲ್ಲ. ದುಡ್ಡು ಮುಗಿಯುವುದೇ ಇಲ್ಲ, ಇದರಲ್ಲಿ ಕಲಿಯುವುದೇನಿದೆ ಎಂದು ಮುಖ ಊದಿಸಿಕೊಂಡು ಕೂತಳು.

ಅದೇ ವಾರ ನಿನ್ನ ಕಾಗದ ಬಂತು. ಮಕ್ಕಳ ಮುಂದೆ ಓದಬಾರದಿತ್ತೇನೋ, ಓದಿಬಿಟ್ಟೆ. ಮೂರನೇ ದಿನ ದೊಡ್ಡವಳು ಶಾಲೆ ಬಿಟ್ಟ ಮೇಲೆ ನೇರವಾಗಿ ನೀನು ಮೊದಲು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಗೆ ಹೋಗಿ, ಅಮ್ಮ ವಾಪಸು ಬಂದರೆ ಕೆಲಸ ಕೊಡುತ್ತೀರಾ, ಎಷ್ಟು ಕೊಡುತ್ತೀರಾ ಎಂದು ಮಾಲೀಕರನ್ನೇ ಕೇಳಿದ್ದಾಳೆ. ಆ ಮನುಷ್ಯ ಸಂಜೆ ನನ್ನ ಹತ್ತಿರ ಬಂದು, ಯಜಮಾನರೇ, ನಿಮ್ಮ ಮೊಮ್ಮಗಳು ನನ್ನನ್ನು ಇಂಟರ್‌ವ್ಯೂ ಮಾಡಿದಳು ಎಂದು ಬೆವರು ಒರೆಸಿಕೊಂಡರು. ಹಳೇ ಸಂಬಳದ ಮೇಲೆ ಸ್ವಲ್ಪ ಸೇರಿಸಿ ಕೊಡುತ್ತಾರಂತೆ, ನಿನ್ನ ಜಾಗ ಖಾಲಿಯೇ ಇದೆಯಂತೆ. ಮಾರನೇ ದಿನ ಇವಳು ಹಲ್ಲಿನ ಡಾಕ್ಟರ ಚೀಟಿಯನ್ನು ಟೀಚರ್‌ಗೆ ವಾಪಸು ಕೊಟ್ಟು, ತನ್ನದೇ ಚೀಟಿ ಬರೆದುಕೊಟ್ಟಳು: ಔಷಧಿ ಅಂಗಡಿಯ ಕೆಲಸ, ಗಂಡ ತೀರಿಕೊಂಡಿದ್ದಾರೆ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮುದುಕ. ಮುದುಕ ಎನ್ನುವುದನ್ನು ತೆಗೆದು ಹಿರಿಯರು ಎಂದು ಹಾಕು ಎಂದು ನಾನು ದುಂಬಾಲು ಬಿದ್ದೆ. ಅಕ್ಷರ ಜಾಸ್ತಿಯಾಗುತ್ತದೆ ಎಂದಳು. ಕಾಗದದ ನೋಟು ಬೇಡ, ನಿಜವಾದ ದುಡ್ಡಿನಲ್ಲೇ ಮನೆ ನಡೆಸಿ ನೋಡುತ್ತೇನೆ ಎಂದಾಗ ಟೀಚರ್ ನನಗೆ ಫೋನ್ ಮಾಡಿ ಒಪ್ಪಿಗೆ ಕೇಳಿದರು. ನಾನು ಹೂಂ ಅಂದೆ.

ಹೀಗೆ ಹೋದ ತಿಂಗಳ ಒಂದನೇ ತಾರೀಖು ಬಿಸ್ಕತ್ತಿನ ಡಬ್ಬಿಯೊಳಗೆ ಆ ಅಂಗಡಿಯ ಸಂಬಳದಷ್ಟು ದುಡ್ಡು, ನನ್ನ ಪಿಂಚಣಿ ಎರಡನ್ನೂ ಹಾಕಿದೆವು. ನೀನು ಕಳಿಸಿದ್ದರಲ್ಲಿ ಉಳಿದದ್ದು ಬ್ಯಾಂಕಿನಲ್ಲಿ, ಮುಟ್ಟುವ ಹಾಗಿಲ್ಲ. ಯಜಮಾನಿಕೆ ದೊಡ್ಡವಳದು. ನಾನು ಕಲಿಸಿದ್ದು ಒಂದೇ, ಮೂವತ್ತೊಂದು ವರ್ಷ ಕಂಡಕ್ಟರಾಗಿ ಬಸ್ ಡಿಪೋದಲ್ಲಿ ಕ್ಯಾಷ್ ಕಟ್ಟಿದ ರೀತಿ. ದಿನಾ ಸಂಜೆ ಬ್ಯಾಗಿನ ದುಡ್ಡೂ ಹಾಳೆಯ ಲೆಕ್ಕವೂ ಒಂದಕ್ಕೊಂದು ಕೂರಬೇಕು. ಕಡಿಮೆ ಬಿದ್ದರೆ ಕಂಡಕ್ಟರ್ ಕೈಯಿಂದ ಕಟ್ಟಬೇಕು, ಅದು ಎಲ್ಲರಿಗೂ ಗೊತ್ತು. ಹೆಚ್ಚು ಬಂದರೂ ತಪ್ಪೇ, ಯಾರಿಗೋ ಚಿಲ್ಲರೆ ಕೊಟ್ಟಿಲ್ಲ ಎಂದೇ ಅರ್ಥ, ಅದನ್ನು ಹೊರಗಿನವರು ನಂಬುವುದಿಲ್ಲ. ಇವಳು ನಂಬಿದಳು.

ಮೊದಲ ವಾರ ನಮ್ಮ ಮನೆಯಲ್ಲಿ ಯುದ್ಧ. ಚಿಕ್ಕವಳ ಶಾಂಪೂ ಹೋಗಿ ಸೋಪು ಬಂತು, ಚಿತ್ರಕಲೆಯ ಕ್ಲಾಸಿಗೆ ಒಂದು ತಿಂಗಳು ರಜೆ. ಅಕ್ಕನಿಗೆ ಮಂತ್ರಿ ಪದವಿ ಸಿಕ್ಕಿದೆ ಎಂದು ಬೀದಿಯಲ್ಲೆಲ್ಲ ಡಂಗುರ ಹೊಡೆದಳು. ಇಸ್ತ್ರಿ ಪೆಟ್ಟಿಗೆಯ ವೈರು ಸುಟ್ಟಾಗ ಇಬ್ಬರೂ ಮುಖ ಮುಖ ನೋಡಿಕೊಂಡರು, ಆಮೇಲೆ ಬಟ್ಟೆಯನ್ನು ಹಾಸಿಗೆ ಕೆಳಗೆ ಮಡಿಸಿಟ್ಟುಕೊಂಡು ಮಲಗಲು ಕಲಿತರು. ಎರಡನೇ ವಾರಕ್ಕೆ ಚಿಕ್ಕವಳೇ ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಪಳಗಿದಳು. ಅವಳ ಬಾಯಿಗೆ ಹೆದರಿ ಅವನು ಬಾಡಿದ ಬೀನ್ಸನ್ನು ಸುಮ್ಮನೆ ಕೊಟ್ಟು ಕಳಿಸುತ್ತಾನೆ.

ಹದಿನೈದನೇ ತಾರೀಖು ನಾನು ಡಿಪೋಗೆ ಹೊರಟಿದ್ದೆ. ಕಿಟಕಿ ಪಕ್ಕದ ಸೀಟು. ಸೇತುವೆ ಹತ್ತಿರ ನೋಡುತ್ತೇನೆ, ದೊಡ್ಡವಳು ಬೆನ್ನ ಮೇಲೆ ಪುಸ್ತಕದ ಚೀಲ ಹೊತ್ತು, ಬಸ್ಸಿನ ಹೊಗೆ ಕುಡಿಯುತ್ತಾ ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದಾಳೆ. ಕಂಡಕ್ಟರ್ ಹುಡುಗ ನನ್ನ ಕೈಕೆಳಗೆ ಕಲಿತವನು, ಹದಿನೈದು ದಿನದಿಂದ ನಿಮ್ಮ ಮೊಮ್ಮಗಳು ಬಸ್ಸು ಹತ್ತುವುದೇ ಇಲ್ಲ ಎಂದು ಮೆಲ್ಲಗೆ ಹೇಳಿದ. ಮೂವತ್ತೊಂದು ವರ್ಷ ಊರಿನ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಇಳಿಸಿದವನ ಮೊಮ್ಮಗಳು, ಬಸ್ಸು ಪಕ್ಕದಲ್ಲೇ ಹೋಗುತ್ತಿದ್ದರೂ ತಲೆ ಎತ್ತಿ ನೋಡಲಿಲ್ಲ. ಸಂಜೆ ಅವರಿಬ್ಬರೂ ಬಟ್ಟೆ ಒಣಗಿಸುತ್ತಿದ್ದಾಗ ಕಳ್ಳ ಬೆಕ್ಕಿನ ಹಾಗೆ ಹೋಗಿ ಹಲ್ಲಿಗೆಂದು ಇಟ್ಟುಕೊಂಡಿದ್ದ ದುಡ್ಡಿನಿಂದ ಸ್ವಲ್ಪ ಚಿಲ್ಲರೆ ಡಬ್ಬಿಯೊಳಗೆ ಹಾಕಿದೆ. ಮಾರನೇ ದಿನವೂ ಹಾಕಿದೆ, ಅದರ ಮಾರನೇ ದಿನವೂ.

ನಾನೇ ಕಲಿಸಿದ ಪಾಠ ನನಗೇ ಮರೆತು ಹೋಗಿತ್ತು ನೋಡು. ಲೆಕ್ಕಕ್ಕಿಂತ ದುಡ್ಡು ಹೆಚ್ಚು ಬಂದಾಗ ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಬೆರಳು ಮಡಚಿ ಮೂರು ಸಲ ಕೂಡಿದಳು, ಹಾಳೆ ಹರಿದು ಮತ್ತೆ ಬರೆದಳು. ನಾಲ್ಕನೇ ದಿನ ಶಾಲೆಯಿಂದ ಬರುವುದು ಒಂದು ಗಂಟೆ ತಡವಾಯಿತು. ಎಲ್ಲಿಗೆ ಹೋಗಿದ್ದೆ ಎಂದರೆ, ಹಾಲಿನ ಬೂತು, ಮೊಟ್ಟೆ ಅಂಗಡಿ, ತರಕಾರಿಯವನು, ಗಿರಣಿ, ಎಲ್ಲ ಕಡೆ ಹೋಗಿ, ನಾನು ನಿಮಗೆ ದುಡ್ಡು ಕಡಿಮೆ ಕೊಟ್ಟಿದ್ದೀನಾ ಎಂದು ಕೇಳಿ ಬಂದಿದ್ದಾಳೆ. ಯಾರೂ ಹೌದು ಅಂದಿಲ್ಲ. ಹಾಲಿನವನು ನಕ್ಕನಂತೆ. ಯಾರಿಗೋ ಮೋಸ ಮಾಡಿಬಿಟ್ಟಿದ್ದೇನೆ ಎಂದು ಮಗು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪು ಒಪ್ಪಿಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಹಾಕಿದ್ದಷ್ಟನ್ನೂ ಎಣಿಸಿ ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು.

“ತಾತ, ಅಮ್ಮ ಬಂದ್ಮೇಲೆ ದಿನಾ ಎಲ್ಲಿಂದ ತಂದು ಹಾಕ್ತೀಯ?”

ಅವಳು ನನ್ನ ಭುಜಕ್ಕೆ ತಲೆಯಿಟ್ಟು ಕೂತಳು. ಮಾರನೇ ದಿನದಿಂದ ಬೆಳಿಗ್ಗೆ ನಾನೂ ಅವಳ ಜೊತೆ ಸೇತುವೆಯವರೆಗೆ ನಡೆಯಲು ಶುರು ಮಾಡಿದೆ. ಮಂಡಿ ಗೊಣಗುತ್ತದೆ, ಗೊಣಗಲಿ.

ಇಪ್ಪತ್ತಾರನೇ ತಾರೀಖು ಸಂಜೆ ಡಬ್ಬಿ ಖಾಲಿಯಾಯಿತು. ತಿಂಗಳಿಗೆ ಇನ್ನೂ ನಾಲ್ಕು ದಿನ ಬಾಕಿ. ಯಾವ ಖರ್ಚನ್ನೂ ಗಾಳಿಗೆ ತೂರಿರಲಿಲ್ಲ ಅವಳು, ಒಂದು ಐಸ್‌ಕ್ರೀಂ ಕೂಡ ಇರಲಿಲ್ಲ. ಮಿಕ್ಕ ನಾಲ್ಕು ದಿನ ಬ್ಯಾಂಕಿನಿಂದ ತೆಗೆದು ನಡೆಸಿದೆವು, ಆ ನಾಲ್ಕು ದಿನದ ಲೆಕ್ಕವನ್ನು ಕೆಂಪು ಶಾಯಿಯಲ್ಲಿ ಬರೆದು ಮೇಲೆ ‘ಇಲ್ಲದ ದುಡ್ಡು’ ಎಂದು ಹಾಕಿದ್ದಾಳೆ. ಟೀಚರ್ ಎಷ್ಟು ಅಂಕ ಕೊಟ್ಟರು ಎಂದು ಕೇಳಿದೆ, ಕೊಡದಿದ್ದರೂ ಪರವಾಗಿಲ್ಲ ಎಂದಳು.

ನಿಜ ಹೇಳುತ್ತೇನೆ, ಸಾಲುತ್ತದೆ, ಧಾರಾಳವಾಗಿ ಸಾಲುತ್ತದೆ, ಹೊರಟು ಬಾ ಎಂದು ಬರೆಯಬೇಕೆಂದೇ ಪೆನ್ನು ಹಿಡಿದಿದ್ದೆ. ಮೊದಲ ಹಾಳೆ ಹಾಗೇ ಬರೆದೂ ಇದ್ದೆ. ದೊಡ್ಡವಳು ನೋಡಿ ಹರಿದು ಹಾಕಿದಳು. ಅಮ್ಮ ನಂಬಿಕೊಂಡು ಬಂದು ಆಮೇಲೆ ಡಬ್ಬಿ ನೋಡಿದರೆ ಏನು ಹೇಳುತ್ತೀಯ ಎಂದು ಕೇಳಿದಳು. ಆದ್ದರಿಂದ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ನಾಲ್ಕು ದಿನ ಕಡಿಮೆ. ತಿಂಗಳಿಗೆ ನಾಲ್ಕು ದಿನ ಎಂದರೆ ವರ್ಷಕ್ಕೆ ಒಂದೂವರೆ ತಿಂಗಳಿಗಿಂತ ಹೆಚ್ಚು. ಅದರ ಮೇಲೆ ದೊಡ್ಡವಳ ಕಾಲೇಜು ಬರುತ್ತದೆ. ಸಹಿ ಹಾಕು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ, ಹಾಕಬೇಡ ಎನ್ನಲು ಧೈರ್ಯ ಸಾಲದು. ನೀನು ಪಕ್ಕದ ಕೋಣೆಯಲ್ಲಿ ಕೆಮ್ಮಿದರೆ ಕೇಳಿಸಬೇಕು ಎಂಬ ಆಸೆ ನನಗಿದೆ. ಆ ಆಸೆಯನ್ನು ನಿನ್ನ ತಲೆಯ ಮೇಲೆ ಹೊರಿಸುವುದು ಸರಿಯಲ್ಲ. ಯೋಚಿಸಿ ನೀನೇ ತೀರ್ಮಾನ ಮಾಡು, ಯಾವುದಾದರೂ ನಾವು ಮೂವರೂ ನಿನ್ನ ಕಡೆಯೇ.

ಔಷಧಿ ಅಂಗಡಿಯವರು ನಿನ್ನನ್ನು ಕೇಳಿದರು. ಕೆಳಗಿನ ಮನೆಯ ಟೈಲರಮ್ಮ ನಿನ್ನ ಅಳತೆ ಬದಲಾಗಿದೆಯೋ ಎಂದು ವಿಚಾರಿಸಿದಳು, ಬದಲಾಗದ ಹಾಗೆ ಹೊಟ್ಟೆ ತುಂಬ ಊಟ ಮಾಡು. ಭಾರ ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಮಡಚು. ನೀನು ಕಾಲಿಟ್ಟ ಕಡೆಯೆಲ್ಲ ನಿನಗೆ ಒಳ್ಳೆಯದೇ ಎದುರಾಗಲಿ, ನನ್ನ ಪಾಲಿನ ಆಯಸ್ಸಿನಲ್ಲೂ ಸ್ವಲ್ಪ ನಿನಗೇ ಸೇರಲಿ.

ನಿನ್ನ ಅಪ್ಪ

ತಾ.ಕ.: ಟೈಲರಮ್ಮ ಪೋಸ್ಟ್ ಆಫೀಸಿಗೆ ಹೊರಟು ಬಾಗಿಲಲ್ಲೇ ನಿಂತಿದ್ದಾಳೆ, ಅಕ್ಷರ ಸೊಟ್ಟ ಇದ್ದರೆ ಬೈಯಬೇಡ. ಲಕೋಟೆ ಅಂಟಿಸುವ ಮುಂಚೆ ಚಿಕ್ಕವಳು ಈ ಕಾಗದ ಓದಿ, ತಾತ, ನಾಲ್ಕು ಜನರ ಲೆಕ್ಕ ಅಂತ ಬರೆದೇ ಇಲ್ಲವಲ್ಲ ಎಂದಳು. ನಾನು ತಿಂಗಳಿಡೀ ಕೊನೆಯ ಮೊತ್ತ ಮಾತ್ರ ನೋಡಿದ್ದೆ, ಒಳಗಿನ ಸಾಲುಗಳನ್ನು ಓದಿರಲಿಲ್ಲ. ಈಗ ದೊಡ್ಡವಳ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಪ್ರತಿ ದಿನವೂ ನಾಲ್ಕು ಸಾಲು: ತಾತ, ನಾನು, ತಂಗಿ, ಅಮ್ಮ. ನಿನ್ನ ಹಾಲು, ನಿನ್ನ ಮೊಟ್ಟೆ, ನಿನ್ನ ಸೋಪು, ಅಂಗಡಿಗೆ ಹೋಗಿ ಬರಲು ನಿನ್ನ ಬಸ್ಸಿನ ಚಾರ್ಜು. ತಾನು ನಡೆದಿದ್ದಾಳೆ, ನಿನ್ನನ್ನು ಬಸ್ಸಿನಲ್ಲಿ ಕಳಿಸಿದ್ದಾಳೆ. ಅಷ್ಟನ್ನೂ ದಿನಾ ಎತ್ತಿ ನಿನ್ನ ಬೀರುವಿನಲ್ಲಿ ಒಂದು ಲಕೋಟೆಯೊಳಗೆ ಇಟ್ಟಿದ್ದಾಳೆ, ಹಾಗೇ ಇದೆ. ಡಬ್ಬಿ ಖಾಲಿಯಾದಾಗ ಅದನ್ನು ಯಾಕೆ ತೆಗೆಯಲಿಲ್ಲ ಎಂದು ದೊಡ್ಡವಳನ್ನು ಕೇಳಿದೆ. “ಅದರಲ್ಲಿ ಅಮ್ಮ ಊಟ ಮಾಡಾಯ್ತಲ್ಲ ತಾತ” ಎಂದಳು. ಬಸ್ಸು ಹತ್ತದವರಿಗೆ ಟಿಕೆಟ್ ಹರಿದವರನ್ನು ನಾನು ಈವರೆಗೆ ಕಂಡಿರಲಿಲ್ಲ. ಮೇಲೆ ನಿನ್ನ ತೀರ್ಮಾನ ನಿನಗೇ ಬಿಟ್ಟಿದ್ದು ಎಂದು ಬರೆದದ್ದನ್ನು ಹೊಡೆದು ಹಾಕಿದೆ ಎಂದುಕೋ. ನಿನ್ನನ್ನು ಬಿಟ್ಟು ಲೆಕ್ಕ ಹಾಕಿದರೆ ತಿಂಗಳು ಪೂರ್ತಿ ಸಾಲುತ್ತದೆ, ನಿನ್ನನ್ನು ಸೇರಿಸಿದರೆ ನಾಲ್ಕು ದಿನ ಕಡಿಮೆ ಬೀಳುತ್ತದೆ. ನಮಗೆ ಕಡಿಮೆ ಬೀಳುವ ತಿಂಗಳೇ ಬೇಕು. ಸಹಿ ಹಾಕಬೇಡ ಮಗಳೇ.