ಎರೆಹೊಲದ ಚೀಟಿ

ಬೆಟಗೇರಿ,
೧೪ ಅಕ್ಟೋಬರ್ ೨೦೨೪

ಮುದ್ದು ಮೊಮ್ಮಗಳು ಮಾಯಾಗೆ ಅಜ್ಜನ ಆಶೀರ್ವಾದ.

ನಿನ್ನ ಕೆಮ್ಮು ಕಡಿಮೆಯಾಯಿತೇ? ಮೈಸೂರಿನ ಥಂಡಿ ನಿನಗೆ ಒಗ್ಗುವುದಿಲ್ಲ, ಬಿಸಿನೀರು ಕುಡಿ. ನನ್ನ ಮೊಣಕಾಲು ಇದ್ದ ಹಾಗೆಯೇ ಇದೆ. ಆದರೂ ದಿನಾ ಅಚ್ಚಿನಮನೆಗೆ ಹೋಗುತ್ತೇನೆ, ಹೋಗದಿದ್ದರೆ ಉಂಡದ್ದು ಅರಗುವುದಿಲ್ಲ.

ಅಸುಂಡಿಯ ಹೆಣ್ಣುಮಕ್ಕಳ ಸಂಘದ ಕಡಕ್ ರೊಟ್ಟಿ ಪೊಟ್ಟಣದ ಮೇಲೆ ಅಂಟಿಸಲು ನೀನು ಬರೆದು ಕಳಿಸಿದ ಚೀಟಿಯ ಸುದ್ದಿ ಹೇಳಬೇಕು. ಅದು ನಿನ್ನ ಮೊದಲ ಕೆಲಸ. ಸಂಘದವರು ಒಪ್ಪದಿದ್ದರೆ ಡಿಗ್ರಿ ಮುಗಿಸಿ ಸೇರಿದ ಈ ಡಿಸೈನ್ ಓದು ಬಿಟ್ಟು ಬಂದು ಬಿ.ಎಡ್. ಸೇರಬೇಕೆಂದು ನಿನ್ನಪ್ಪ ಸೋಮೇಶ ಹಾಕಿದ ಷರತ್ತು ನನಗೂ ಗೊತ್ತಿತ್ತು. ಅದಕ್ಕೇ ನನಗೆ ದಿಗಿಲು. ಚೀಟಿ ಪೂರ್ತಿ ಕಪ್ಪು, ಮೇಲಂಚಿನಲ್ಲಿ ಒಂದು ಸಣ್ಣ ಜೋಳದ ಸಾಲು, ಮೂಲೆಯಲ್ಲಿ ಹೆಸರು, ಅಷ್ಟೇ. ಐವತ್ತು ವರ್ಷ ಮದುವೆ ಪತ್ರಿಕೆ ಅಚ್ಚು ಹಾಕಿದವನು ನಾನು, ಉಣ್ಣುವ ವಸ್ತುವಿಗೆ ಕಪ್ಪು ಬಳಿದದ್ದನ್ನು ಕಂಡವನಲ್ಲ. ನೀನು ಫೋನಿನಲ್ಲಿ ಎಷ್ಟು ಬಿಡಿಸಿ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹುಡುಗಿಯ ಮಾನ ಉಳಿಸೋಣವೆಂದು ಅರಿಶಿನದ ಬಣ್ಣ ಹಾಕಿ, ಮೇಲೆ ಗಣಪತಿ, ಎರಡೂ ಕಡೆ ಬಾಳೆಗಿಡ, ಕೆಳಗೆ ಸಂಘದ ಹನ್ನೊಂದು ಮಂದಿಯ ಹೆಸರು ಕೂಡಿಸಿ ಐನೂರು ಚೀಟಿ ಹೊಡೆದುಬಿಟ್ಟೆ. ನಿನ್ನದನ್ನು ಒಂದೇ ಪ್ರತಿ ತೆಗೆದು ಕಟ್ಟಿನ ಅಡಿಗೆ ಇಟ್ಟೆ.

ನಿನ್ನೆ ಸೋಮೇಶನ ಬೈಕಿನಲ್ಲಿ ಇಬ್ಬರೂ ಅಸುಂಡಿಗೆ ಹೋದೆವು. ಮೊಮ್ಮಗಳು ಮಾಡಿದ್ದೆಂದು ಹಳದಿ ಚೀಟಿಯನ್ನೇ ಮುಂದಿಟ್ಟೆ. ಸಂಘದ ಹಿರಿಯಳು ಹನಮಂತವ್ವ ನೋಡಿ, "ಛಲೋ ಐತ್ರಿ ಕಾಕಾ, ರೊಟ್ಟಿ ಲಗ್ನಕ್ಕ ಕರದಂಗ ಐತಿ" ಎಂದಳು. ಎಲ್ಲರೂ ನಕ್ಕರು. ಕಟ್ಟು ಎತ್ತುವಾಗ ನಿನ್ನ ಕಪ್ಪು ಚೀಟಿ ಜಾರಿ ಬಿತ್ತು. ಹನಮಂತವ್ವ ಅದನ್ನೆತ್ತಿ ರೊಟ್ಟಿಯ ಅಟ್ಟಿಯ ಮೇಲಿಟ್ಟು ನೋಡಿದಳು. ಆಮೇಲೆ ಮೆಲ್ಲಗೆ, "ಇದು ನಮ್ಮ ಎರಿ ಹೊಲ. ಮಳಿ ಬಂದ ಮರದಿನ ಹಿಂಗ ಇರತೈತಿ" ಎಂದಳು. ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಎದ್ದು ಬಂದರು. ಹನಮಂತವ್ವ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು.

ಮಾಯಾ, ಹುಟ್ಟಿದಾಗಿನಿಂದ ಈ ಕಪ್ಪು ಎರೆಮಣ್ಣು ತುಳಿದವನು ನಾನು, ಕರಿ ಮಸಿಯಲ್ಲಿ ಕೈಯದ್ದಿಯೇ ಬದುಕಿದವನು. ಆ ಕಪ್ಪೇ ಈ ಕಪ್ಪು ಎಂದು ಒಂದು ದಿನವೂ ಹೊಳೆಯಲಿಲ್ಲ. ಇಪ್ಪತ್ತೊಂದರ ಹುಡುಗಿಗೆ ಅದು ಹೇಗೆ ಕಂಡಿತೋ. ಖಾಲಿ ಜಾಗ ಬಿಟ್ಟರೆ ಗಿರಾಕಿ ಬೈಯುತ್ತಾನೆಂದು ಐವತ್ತು ವರ್ಷ ಹೂಬಳ್ಳಿ ತುಂಬಿದೆ. ನಿನ್ನ ಖಾಲಿ ಜಾಗದಲ್ಲಿ ಅವರಿಗೆ ಹೊಲವೇ ಕಂಡಿತು. ಇದೇ ಚೀಟಿ ಬೇಕೆಂದು ಸಂಘದವರೆಲ್ಲ ಹಠ ಹಿಡಿದಿದ್ದಾರೆ.

ನಿನ್ನಜ್ಜಿ ಚುರುಮರಿ ಉಂಡಿ ಕಟ್ಟಿಟ್ಟಿದ್ದಾಳೆ, ರಜೆಗೆ ಬೇಗ ಬಾ. ನಿನ್ನ ಕಣ್ಣು ತಣ್ಣಗಿರಲಿ.

ಇಂತಿ ನಿನ್ನ ಅಜ್ಜ,
ಗಾಳೆಪ್ಪ

ತಾ.ಕ.: ಅಸಲು ಮಾತು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ. ನಿನ್ನೆ ಹನಮಂತವ್ವ ಆ ಕಪ್ಪು ಚೀಟಿ ಹಿಡಿದು, "ಇಂಥಾದ್ದು ನೀವ ಮಾಡಬೇಕ್ರಿ ಕಾಕಾ" ಎಂದು ನನ್ನ ಕಾಲು ಮುಟ್ಟಿದಳು. ಅವರು ನಕ್ಕ ಹಳದಿ ಚೀಟಿ ನಿನ್ನದು, ಕಣ್ಣಿಗೊತ್ತಿಕೊಂಡದ್ದು ನನ್ನದು ಎಂದು ನಿನ್ನಪ್ಪನೂ ತಿಳಿದಿದ್ದಾನೆ. ಬಿ.ಎಡ್. ಅರ್ಜಿ ತಂದು ಮೇಜಿನ ಮೇಲಿಟ್ಟಿದ್ದಾನೆ. ನಾನು ಅಲ್ಲೂ ಸುಮ್ಮನಿದ್ದೆ, ದಾರಿಯುದ್ದಕ್ಕೂ ಸುಮ್ಮನಿದ್ದೆ. ಅವನಿಗೆ ಖರೆ ಹೇಳದೆ ಈ ಪತ್ರ ಟಪಾಲಿಗೆ ಹಾಕುವುದಿಲ್ಲ. ಇದು ನಿನ್ನ ಕೈ ಸೇರಿದೆಯೆಂದರೆ ಹೇಳಿದ್ದೇನೆ ಎಂದೇ ತಿಳಿ.