ಜೀವನಾಂಶ ಬಾರದ ತಿಂಗಳುಗಳು

ಏಪ್ರಿಲ್ 3, ಬೆಳಿಗ್ಗೆ

ನಾನು ಪಾರ್ವತಿ. ವಯಸ್ಸು ಅರವತ್ತೊಂದು. ಓದಿದ್ದು ಹೈಸ್ಕೂಲು. ಊರು ಕುಂದಾಪುರದ ಹತ್ತಿರ, ವಾಸ ಅಹಮದಾಬಾದಿನ ನವರಂಗಪುರ. ಇಲ್ಲಿಯ ಕನ್ನಡದವರ ಮನೆಯಲ್ಲಿ ಮಗುವಿಗೆ ಹೆಸರಿಡುವುದಿದ್ದರೂ ಗೃಹಪ್ರವೇಶವಿದ್ದರೂ ಮೊದಲು ನನ್ನನ್ನು ಕೇಳುತ್ತಾರೆ. ಕೇಳದಿದ್ದರೆ ಹೋಗುವುದಿಲ್ಲ.

ಮಗಳು ಗೌತಮಿ ಮತ್ತು ಅಳಿಯ ವಿನಯ್ ಮೇಲಿನ ಮಹಡಿಯಲ್ಲಿ. ನಾನು ಕೆಳಗೆ, ಒಂದು ಕೋಣೆಯ ಬಾಡಿಗೆ ಮನೆ. ಬಾಡಿಗೆ ನನ್ನದು, ಒಲೆ ನನ್ನದು. ಅಳಿಯನ ಮನೆಯಲ್ಲಿ ಹಬ್ಬಕ್ಕೆ ಉಣ್ಣುತ್ತೇನೆ. ದಿನವೂ ಅಲ್ಲ.

ಇದೆಲ್ಲ ನಡೆಯುವುದು ಸುಬ್ರಹ್ಮಣ್ಯ ಕಳಿಸುವ ಜೀವನಾಂಶದಿಂದ. ಗಂಡನಾಗಿದ್ದಾಗ ಅವನ ಹೆಸರು ಬಾಯಲ್ಲಿ ತಂದವಳಲ್ಲ. ಈಗ ಬರೆಯಲು ಅಡ್ಡಿಯಿಲ್ಲ. ವಡೋದರಾದಲ್ಲಿ ನಮ್ಮದು ದೊಡ್ಡ ಹೋಟೆಲಿತ್ತು, ಕೊಯಾಲಿ ರಿಫೈನರಿಯ ಟೌನ್‌ಶಿಪ್‌ನವರೆಲ್ಲ ಭಾನುವಾರ ಬರುತ್ತಿದ್ದರು. ಇಸ್ಪೀಟಿನಲ್ಲಿ ಹೋಯಿತು. ನಾನು ಎದ್ದು ಬಂದೆ. ಸೂರತ್ತಿನ ಪಾಂಡೇಸರಾದ ಸಣ್ಣ ಹೋಟೆಲು ಉಳಿದಿತ್ತು. ಅದರ ಸಂಪಾದನೆಯಿಂದ ನನಗೆ ಕೊಡಬೇಕೆಂದು ಕೋರ್ಟು ಹೇಳಿತು. ಒಂದೇ ಗಂಟು ಕೊಟ್ಟು ಮುಗಿಸುತ್ತೇನೆ ಎಂದ. ಬೇಡ ಎಂದೆ. ತಿಂಗಳು ತಿಂಗಳು ಕೊಡಲಿ, ಪ್ರತಿ ಸಲವೂ ನಾನು ನೆನಪಾಗಲಿ.

ಈಗಷ್ಟೇ ಹಾಲು ಕಾಯಿಸಿ, ದೀಪ ಹಚ್ಚಿ, ಫೋನು ನೋಡಿದೆ. ಬ್ಯಾಂಕಿನ ಮೆಸೇಜಿಲ್ಲ. ಹೋದ ತಿಂಗಳೂ ಇರಲಿಲ್ಲ.

ಮರೆತಿರಬಹುದು... ಒಂಬತ್ತು ವರ್ಷದಲ್ಲಿ ಮರೆತವನಲ್ಲ.

ಏಪ್ರಿಲ್ 9

ವಕೀಲೆ ಸ್ವಾತಿಯ ಆಫೀಸಿಗೆ ಹೋದೆ. ಧಾರವಾಡದವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲಿ. ಕನ್ನಡ ಮುಕ್ಕಾಲು ಹಿಂದಿ.

"ಆಂಟಿ, ಡರ್ ಬೇಡ. ಬಾಕಿ ರಿಕವರಿಗೆ ಅರ್ಜಿ ಹಾಕೋಣ. ವಾರಂಟ್ ಹೋದ್ರೆ ಅಂಕಲ್ ಸೀದಾ ಆಗ್ತಾರೆ."

"ಅಂದ್ರೆ ಜೈಲಾ?"

"ಕೊಡದೇ ಇದ್ರೆ, ಹಾಂ. ಒಂದೊಂದು ತಿಂಗಳ ಬಾಕಿಗೆ ಒಂದೊಂದು ತಿಂಗಳವರೆಗೆ ಒಳಗೆ ಹಾಕ್ಬಹುದು. ಒಳಗೆ ಹೋದ್ರೂ ಬಾಕಿ ಮಾಫ್ ಆಗಲ್ಲ."

"ಸತ್ತರೆ?"

ಯಾಕೆ ಕೇಳಿದೆನೋ. ಬಾಯಿಂದ ಬಂದುಬಿಟ್ಟಿತು.

"ಹಳೇ ಬಾಕಿ ಅವರ ಆಸ್ತಿಯಿಂದ ಕೇಳ್ಬಹುದು. ಮುಂದಿಂದು ಖತಂ. ಇದು ಪೆನ್ಷನ್ ಅಲ್ವಲ್ಲ ಆಂಟಿ."

ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡೆ. ಹಿಂದೆ ಹಿಡಿಯುತ್ತಿರಲಿಲ್ಲ.

ಏಪ್ರಿಲ್ 30

ನಾಳೆ ಬಾಡಿಗೆ. ಬಳೆಯೊಂದನ್ನು ಮಾರಿ ಇಟ್ಟಿದ್ದೇನೆ. ಗೌತಮಿಗೆ ಹೇಳಿಲ್ಲ, ಆದರೂ ಗೊತ್ತಾಗಿದೆ. ಕೈ ನೋಡಿದಳು.

"ಅಮ್ಮ, ಮೇಲೆ ಬಂದಿರು. ವಿನಯ್‌ಗೆ ಎಂತ ತೊಂದರೆಯೂ ಇಲ್ಲ."

"ಅವನಿಗೆ ಇಲ್ಲದಿರಬಹುದು. ನನಗುಂಟು."

"ಯಾವ ಕಾಲದಲ್ಲಿದ್ದಿ ಮಾರಾಯ್ತಿ!"

ಹೌದು, ಅದೇ ಕಾಲದಲ್ಲಿದ್ದೇನೆ. ವಿನಯ್ ಒಳ್ಳೆಯವನು. ಆದರೆ ದಿನಾ ಎರಡು ಹೊತ್ತು ಅವನ ಮುಂದೆ ಕೂತು, ಸಾರು ಹಾಕಿದಾಗ ಸಾಕು ಸಾಕು ಎನ್ನುವುದು... ನನ್ನಿಂದಾಗದು.

ಜೂನ್ 2

ವಾರಂಟು ಹೊರಟಿತು ಎಂದು ಸ್ವಾತಿ ಹೇಳಿದ್ದು ಹೋದ ವಾರ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಫೋನು ಹೊಡೆದುಕೊಂಡಾಗಲೆಲ್ಲ ಸೂರತ್ತಿನದೋ ಎಂದು ನೋಡುತ್ತೇನೆ.

ಇವತ್ತು ಹೊಡೆದುಕೊಂಡಿತು. ಸುಮತಿ. ಅವನ ತಂಗಿ. ಡೈವೋರ್ಸಿನ ನಂತರ ಮಾತೇ ಇರಲಿಲ್ಲ.

"ಸಮಾಧಾನ ಆಯ್ತಾ ಅತ್ತಿಗೆ?"

"ಎಂತದು?"

"ಪೊಲೀಸಿನವ ಬಂದಿದ್ದ ನಿಮ್ಮ ಕಾಗದ ಹಿಡ್ಕೊಂಡು. ಅಣ್ಣ ಎದ್ದು ಹೋಗುವ ಹಾಗಿದ್ರೆ ಕಳಿಸ್ತಿದ್ದೆ. ಫೆಬ್ರವರಿಯಲ್ಲೇ ಲಕ್ವ ಹೊಡೆದು ಬಲಗೈ ಬಲಗಾಲು ಹೋಗಿದೆ. ಎತ್ತಿಕೊಂಡು ಹೋಗ್ಲಿಕ್ಕೆ ಇನ್ನೂ ಇಬ್ಬರನ್ನು ಕರ್ಕೊಂಡು ಬರ್ತಾನಂತೆ!"

"ನನಗೆ ಯಾಕೆ ಹೇಳ್ಲಿಲ್ಲ?"

"ಅವಳಿಗೆ ಹೇಳ್ಬೇಡ ಅಂದ. ನಿಮ್ಮದೇ ಜಾತಕ ಅವನಿಗೂ."

ಫೋನಿಟ್ಟಳು. ಕೂಡಲೇ ಸ್ವಾತಿಗೆ ಫೋನು ಮಾಡಿದೆ. ವಾರಂಟು ನಿಲ್ಲಿಸು. ಹಾಗೆ ಥಟ್ಟನೆ ನಿಲ್ಲುವುದಿಲ್ಲ ಆಂಟಿ, ನಾಳೆ ಕೋರ್ಟಿನಲ್ಲಿ ಹೇಳಬೇಕು ಎಂದಳು. ನಾಳೆಯೊಳಗೆ ಅವರು ಬಂದರೆ? ಎತ್ತುವಾಗ ಏನಾದರೂ ಆದರೆ?

ನಾನು ಸಹಿ ಹಾಕಿದ ಕಾಗದ ಅದು.

ಜೂನ್ 4, ಸೂರತ್

ಬೆಳಗಿನ ಟ್ರೇನು. ವಾರಂಟು ತಡೆದಾಗಿದೆ ಎಂದು ಸ್ವಾತಿಯ ಮೆಸೇಜು ಬಂದದ್ದು ವಡೋದರಾ ದಾಟುವಾಗ. ಎಲ್ಲರೆದುರು ಕಣ್ಣೊರೆಸಿಕೊಂಡೆ. ನಾಚಿಕೆಯಾಯಿತು.

ಪಾಂಡೇಸರಾ ಹಾಗೆಯೇ ಇದೆ. ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ಹಬೆ, ಬಣ್ಣದ ನೀರಿನ ವಾಸನೆ. ಹೋಟೆಲಿನ ಶಟರಿಗೆ ಬೀಗ. ಬೋರ್ಡಿನ ಮೇಲೆ ಧೂಳು.

ಮೇಲಿನ ಕೋಣೆಯಲ್ಲಿ ಮಲಗಿದ್ದ. ಅರ್ಧ ಮುಖ ಕೆಳಗೆ ಜಾರಿದೆ. ಅಷ್ಟು ಸಣ್ಣ ಆಳು ಎಂದು ನನಗೆ ಗೊತ್ತಿರಲಿಲ್ಲ.

"ಪೊಲೀಸ್... ಕಳಿಸಿದ್ದಿ."

"ಹೌದು."

"ಒಳ್ಳೆ ಹುಡುಗ. ಎರಡು ಸಲ ಚಾ ಕುಡಿದ." ಉಸಿರು ತೆಗೆದುಕೊಂಡ. "ಇಲ್ಲಿಗೆ ಬಂದ... ಮೊದಲ ಗಿರಾಕಿ ಅವನೇ. ನಾಲ್ಕು ತಿಂಗಳಲ್ಲಿ."

ನಗುತ್ತಿದ್ದಾನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸುಮತಿ ಬಟ್ಟೆಯಿಂದ ಬಾಯಿ ಒರೆಸಿದಳು. ನಾನು ಗೋಡೆ ಹತ್ತಿರವೇ ನಿಂತಿದ್ದೆ.

"ಹೋಟೆಲು ಯಾರು ನೋಡ್ತಾರೆ?"

"ಯಾರೂ ಇಲ್ಲ" ಎಂದಳು ಸುಮತಿ. "ಅಡುಗೆಯವ ಊರಿಗೆ ಹೋದ. ಈ ತಿಂಗಳೊಳಗೆ ತೆರೆಯದಿದ್ರೆ ಮೊಬೈಲ್ ಅಂಗಡಿಯವನಿಗೆ ಕೊಡ್ತೇನೆ ಅಂತ ಕಟ್ಟಡದ ಮಾಲಕ ಹೇಳಿ ಹೋಗಿದ್ದಾನೆ. ಈಗ ನಿಮ್ಮ ಕೋರ್ಟು ಯಾರ ಹತ್ರ ವಸೂಲು ಮಾಡ್ತದೆ ಅತ್ತಿಗೆ? ಮೊಬೈಲ್‌ನವನ ಹತ್ರವಾ?"

ಕೆಳಗೆ ಇಳಿದು ಶಟರಿನ ಬೀಗ ಮತ್ತೊಮ್ಮೆ ನೋಡಿದೆ.

ಜೂನ್ 5

ನವರಂಗಪುರಕ್ಕೆ ವಾಪಸು. ಊಟ ಮಾಡಿಲ್ಲ.

ಜೈಲಿಗೆ ಹಾಕಿಸಿದರೆ ಅವರು ಬದುಕುವುದಿಲ್ಲ. ಸುಮ್ಮನೆ ಬಿಟ್ಟರೆ ಹೋಟೆಲು ಹೋಗುತ್ತದೆ, ಹೋಟೆಲಿಲ್ಲದೆ ಅವರು ಏನು ಕೊಟ್ಟಾರು? ಕೋರ್ಟಿನ ಆಜ್ಞೆಯನ್ನು ಕಪಾಟಿನಿಂದ ತೆಗೆದು ಓದಿದೆ. ಒಂಬತ್ತು ವರ್ಷ ಇದನ್ನು ಬೆನ್ನಿಗೆ ಗೋಡೆಯಂತೆ ಇಟ್ಟುಕೊಂಡಿದ್ದೆ. ಗೋಡೆಯಾಗಿದ್ದದ್ದು ದಿನಾ ನಾಲ್ಕು ಗಂಟೆಗೆ ಎದ್ದು ಇಡ್ಲಿ ಬೇಯಿಸುವ ಒಬ್ಬ ಮನುಷ್ಯ.

ಮೇಲಿನಿಂದ ಗೌತಮಿ ಒಗ್ಗರಣೆ ಹಾಕುವ ಸದ್ದು. ಈಗ ಕರೆಯುತ್ತಾಳೆ. ಕರೆಯದಿರಲಿ.

ಜೂನ್ 11

ಸ್ವಾತಿಗೆ ಹೇಳಿದೆ. ಹೋಟೆಲು ನನ್ನ ಹೆಸರಿಗೆ ಆಗಲಿ. ಬಾಕಿ ಬಿಡುತ್ತೇನೆ, ಕೇಸು ವಾಪಸು ತೆಗೆಯುತ್ತೇನೆ. ಅವರ ಔಷಧ, ಊಟ, ಕೋಣೆ ನನ್ನ ಮೇಲೆ. ಹೋಟೆಲಿನ ಹಿಂದಿನ ಉಗ್ರಾಣದಲ್ಲಿ ನನ್ನ ಮಂಚ.

"ಆಂಟಿ, ಪಾಗಲ್ ಆದ್ರಾ? ಆರ್ಡರ್ ಒಂದೇ ನಿಮ್ಮ ಕೈಯಲ್ಲಿರೋದು. ಬಿಟ್ರೆ ಮತ್ತೆ ಶುರುವಿಂದ ಹೊಸ ಕೇಸು."

"ಗೊತ್ತಾಯ್ತು."

"ಇನ್ನೊಂದು ಕೇಳಿ. ಹೋಟೆಲ್ ನಿಮ್ಮದಾದ್ರೆ ಕಮಾಯಿ ನಿಮಗೆ, ಅಂಕಲ್‌ಗೆ ಝೀರೋ. ನಾಳೆ ಅವರೇ ನಿಮ್ಮ ಹತ್ರ ಜೀವನಾಂಶ ಕೇಳ್ಬಹುದು. ಗಂಡನೂ ಕೇಳ್ಬಹುದು ಅಂತಿದೆ ಕಾನೂನಲ್ಲಿ."

"ಕೇಳ್ಲಿ. ಅವರು ಕೊಟ್ಟಷ್ಟು ನೆಟ್ಟಗೆ ಕೊಡ್ತೇನೆ."

ಹೇಳುವಾಗ ಸ್ವರ ಗಟ್ಟಿಯಿತ್ತು. ಫೋನಿಟ್ಟ ಮೇಲೆ ಲೆಕ್ಕ ಹಾಕುತ್ತ ಕೂತೆ. ನಾನು ಹೋಟೆಲಿನ ಒಳಗೆ ಅರೆದವಳು, ಬೇಯಿಸಿದವಳು. ವ್ಯಾಪಾರ ಮಾಡಿದವಳಲ್ಲ. ಮೊಣಕಾಲು ನೋಯುತ್ತದೆ. ಜನ ಬರದಿದ್ದರೆ ಇಬ್ಬರಿಗೂ ಏನೂ ಇಲ್ಲ.

ಗೌತಮಿ ಅತ್ತಳು. "ಬಿಟ್ಟು ಬಂದವರ ಮನೆಗೇ ಹೋಗ್ತೀಯಾ? ಜನ ಎಂತ ಹೇಳ್ತಾರೆ?"

"ಮನೆಗಲ್ಲ. ಹೋಟೆಲಿಗೆ."

"ಎರಡೂ ಒಂದೇ ಕಟ್ಟಡ ಅಮ್ಮ!"

ಮೊದಲ ಸಲ ನನ್ನನ್ನು ಬೈದಳು. ಬೈಸಿಕೊಂಡೆ.

ಜೂನ್ 25, ಪಾಂಡೇಸರಾ, ಬೆಳಿಗ್ಗೆ

ಆಯಿತು. ಮೊನ್ನೆ ಕೋರ್ಟಿನಲ್ಲಿ ಕೇಸು ವಾಪಸು ತೆಗೆದೆ. ಸ್ವಖುಷಿಯಿಂದಲೇ, ಯಾರ ಒತ್ತಾಯವೂ ಇಲ್ಲವೇ ಎಂದು ಜಡ್ಜು ಎರಡು ಸಲ ಕೇಳಿದರು. ಇಲ್ಲ ಎಂದೆ. ಹಾಸಿಗೆಯಲ್ಲೇ ಮಲಗಿ ಅವರು ಎಡಗೈ ಹೆಬ್ಬೆಟ್ಟು ಒತ್ತಿದ ಹೋಟೆಲಿನ ಕರಾರು ನನ್ನ ಚೀಲದಲ್ಲಿದೆ. ಮಾಲಕ ಬಾಡಿಗೆ ಪತ್ರಕ್ಕೆ ನನ್ನ ಹೆಸರು ಹಾಕಿದ. ನವರಂಗಪುರದ ಮನೆ ಖಾಲಿ ಮಾಡಿ ಬಂದೆ. ಇನ್ನು ಅಲ್ಲಿ ಒಲೆಯಿಲ್ಲ.

ನಿನ್ನೆ ಸುಮತಿ, ನಾನು ಸೇರಿ ಉಜ್ಜಿ ತೊಳೆದೆವು. ನೀವು ಇಷ್ಟು ಜೋರು ಅಂತ ಗೊತ್ತಿದ್ರೆ ಅಣ್ಣ ಇಸ್ಪೀಟು ಮುಟ್ಟುತ್ತಿರಲಿಲ್ಲ ಎಂದಳು. ಗೊತ್ತಿತ್ತು ಅವರಿಗೆ, ಅದಕ್ಕೇ ಮುಟ್ಟಿದ್ದು ಎಂದೆ. ಮೇಲಿನಿಂದ ಕೆಮ್ಮಿನ ಸದ್ದು ಕೇಳಿತು. ನಗುವೂ ಇರಬಹುದು.

ಈಗ ಶಟರು ಎತ್ತಿಯಾಗಿದೆ. ಮೊದಲ ಇಡ್ಲಿ ಇಳಿಸಿದೆ, ಸಾಂಬಾರು ಕುದಿಯುತ್ತಿದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದೇನೆ. ಕೈಗೆ ಬೇರೆ ಕೆಲಸವಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಿಲ್ಲಿನ ಪಾಳಿ ಬಿಟ್ಟಿದೆ. ರಸ್ತೆ ತುಂಬ ಜನ, ಕೈಗೆಲ್ಲ ಬಣ್ಣ. ನೋಡುತ್ತಾರೆ, ಹೋಗುತ್ತಾರೆ. ಒಬ್ಬರೂ ಈ ಕಡೆ ತಿರುಗಿಲ್ಲ. ಇಡ್ಲಿ ಆರುತ್ತಿದೆ. ಮೇಲಿನಿಂದ ಅವರು ಕೋಲಿನಿಂದ ನೆಲ ಕುಟ್ಟುತ್ತಿದ್ದಾರೆ, ಯಾರಾದರೂ ಬಂದರಾ ಎಂದು ಕೇಳಲಿಕ್ಕೆ. ಏನು ಹೇಳಲಿ?

ಇಬ್ಬರು ನಿಂತರು. ಒಬ್ಬ ಒಳಗೆ ಬಗ್ಗಿ ನೋಡುತ್ತಿದ್ದಾನೆ. ಚಾಚೀ, ಸೇಠ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳುತ್ತಿದ್ದಾನೆ. ಸೇಠ್ ಈಗ ನಾನೇ ಎನ್ನಬೇಕು. ಏಳುತ್ತೇನೆ.