ನನ್ನದೇ ರಕ್ತದಲ್ಲಿ ಇಲ್ಲದ್ದು

ಫ್ಲೆಮಿಂಗ್ಸ್‌ಬರ್ಗ್
14 ನವೆಂಬರ್ 2024

ಪ್ರೀತಿಯ ನಂದೂ,

ಸೊಂಟನೋವು ಹೇಗಿದೆ? ನೀನಿರುವ ಸ್ಯಾಂಡ್‌ವಿಕೆನ್‌ನಲ್ಲಿ ಆಗಲೇ ಹಿಮ ಬಿದ್ದಿದೆಯಂತೆ. ಕಾರ್ಖಾನೆಯ ಸೆಕೆಯಿಂದ ನೇರವಾಗಿ ಹೊರಗೆ ಬರಬೇಡ, ಐದು ನಿಮಿಷ ಒಳಗೇ ಕೂತು ಬಾ. ನಮ್ಮ ಪುಟ್ಟ ಅಹನಾಳ ಜ್ವರ ಇಳಿದಿದೆ, ಇಂದು ಶಿಶುವಿಹಾರದಲ್ಲಿ ಮಕ್ಕಳ ಜೊತೆ ಚೆನ್ನಾಗಿ ಆಡಿದಳಂತೆ. ಒಂದು ಮುಖ್ಯ ವಿಷಯ ಹೇಳಲು ಎರಡು ಸಲ ಫೋನ್ ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಲ್ಯಾಬಿನ ಕೆಲಸ ನಿನಗೆ ಗೊತ್ತೇ ಇದೆ. ವೈರಸ್ಸಿನ ಮೈಮೇಲೆ ಸಕ್ಕರೆಯ ಎಳೆಗಳಿರುತ್ತವೆ. ನಮ್ಮ ರಕ್ತದ ಒಂದು ಪ್ರೋಟೀನು ಆ ಸಕ್ಕರೆಯನ್ನು ಹಿಡಿದುಕೊಂಡರೆ, ರೋಗ ಎದುರಿಸುವ ಜೀವಕೋಶಗಳು ಅದನ್ನು ಬೇಗ ಗುರುತಿಸುತ್ತವೆ. ಹೋದ ತಿಂಗಳು ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಸಾಲದೆ ನಾನೇ ತೋಳು ಚಾಚಿದೆ. ಉಳಿದ ಎಂಟು ಜನರ ಜೀವಕೋಶಗಳು ವೈರಸ್ ಸೇರಿಸುತ್ತಲೇ ಚುರುಕಾದವು. ನನ್ನವು ಸುಮ್ಮನೆ ಇದ್ದವು! ನಾನೇ ಏನೋ ಎಡವಟ್ಟು ಮಾಡಿದೆನೆಂದು ಮತ್ತೆ ಮಾಡಿದೆ, ಅದೇ ಆಯಿತು. ಕೊನೆಗೆ ಆ ಪ್ರೋಟೀನನ್ನು ಹೊರಗಿನಿಂದ ಬೆರೆಸಿದಾಗ ಅವೂ ಎಚ್ಚೆತ್ತವು. ಅಂದರೆ ನನ್ನ ರಕ್ತದಲ್ಲಿ ಅದು ಇಲ್ಲವೇನೋ ಎನ್ನುವಷ್ಟು ಕಡಿಮೆ. ಟ್ರೇ ಕೆಳಗಿಟ್ಟೆ. ನಮ್ಮ ಮುಖ್ಯಸ್ಥೆ ಮಾರ್ಗರೆಟಾ ಕಾಫಿ ಮುಂದಿಟ್ಟು, "ಇದು ಕಾಯಿಲೆಯಲ್ಲ ಪದ್ಮಿನಿ, ಎಷ್ಟೋ ಜನಕ್ಕಿರುತ್ತೆ, ಗೊತ್ತೇ ಆಗಲ್ಲ. ಕೆಲವು ಸಣ್ಣ ಮಕ್ಕಳಿಗೆ ಮಾತ್ರ ಪದೇ ಪದೇ ಸೋಂಕಾಗಬಹುದು" ಅಂದರು. ಮಕ್ಕಳು ಎಂದ ಕೂಡಲೇ ಅಹನಾಳ ನ್ಯುಮೋನಿಯಾ ನೆನಪಾಯಿತು.

ನಿನಗೆ ಹೇಳದೆ ಅಹನಾಳನ್ನು ಡಾಕ್ಟರ ಬಳಿ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿದೆ. ನಿನ್ನೆ ವರದಿ ಬಂತು. ಅವಳಲ್ಲೂ ಅದೇ ಕೊರತೆ. ಬಸ್‌ಸ್ಟಾಪಿನಲ್ಲಿ ಕೂತವಳಿಗೆ ಎರಡು ಬಸ್ಸು ಹೋದರೂ ಏಳಲಾಗಲಿಲ್ಲ. "ಟೋಪಿ ಹಾಕದೆ ಮಗೂನ ಹಿಮದಲ್ಲಿ ಆಡಿಸಿದ್ದು ನೀನೇ" ಎಂದು ಅವಳ ನ್ಯುಮೋನಿಯಾಕ್ಕೆ ವರ್ಷವಿಡೀ ನಿನ್ನನ್ನೇ ದೂರಿದೆನಲ್ಲ, ನಂದೂ. ನೀನು ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಕ್ಷಮಿಸು ಎಂದು ಬರೆಯಲೂ ನಾಚಿಕೆ. ದೊಡ್ಡವಳಾಗುತ್ತ ಸುಧಾರಿಸಬಹುದು, ಲಸಿಕೆ ತಪ್ಪಿಸಬೇಡಿ, ಜ್ವರ ಬಂದ ದಿನವೇ ಕರೆತನ್ನಿ ಎಂದಿದ್ದಾರೆ ಡಾಕ್ಟರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಾಗದದ ಮೂಲೆಗೆ ನಿನ್ನ ಮಗಳು ಮುತ್ತು ಕೊಟ್ಟಿದ್ದಾಳೆ, ಆ ಕಲೆ ಜಾಮಿನದು.

ನಿನ್ನ
ಪದ್ಮಿನಿ

ಇನ್ನೊಂದು ಮಾತು: ಅಹನಾಳನ್ನು ಊರಿನಲ್ಲಿ ಅತ್ತೆಯ ಹತ್ತಿರ ಬಿಟ್ಟುಬರಲು ತೆಗೆದ ಡಿಸೆಂಬರ್ ಟಿಕೆಟ್ ಇದನ್ನು ಓದಿದ ಕೂಡಲೇ ರದ್ದು ಮಾಡು. ಈ ಚಳಿಯಿಂದ ಅವಳನ್ನು ತಪ್ಪಿಸಲೇಬೇಕೆಂದು ಹಠ ಹಿಡಿದವಳು ನಾನು. ಟಿಕೆಟ್ ತೆಗೆದ ದಿನ ನೀನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ನನಗೆ ಕೇಳಿಸಿತ್ತು. ಮಗು ನಮ್ಮ ಹತ್ತಿರವೇ ಇರಲಿ.